ಸಂತೆಪೇಟೆ, ಮಾರ್ಟು, ಆ್ಯಪು, ಬೀದಿ ಕೊನೆ ಅಂಗಡಿ: ನಾಲ್ಕು ತಿಂಗಳ ದಿನಸಿ ಬಿಲ್ಲು

ನಮ್ಮನೇಲಿ ನಾಲ್ಕು ಜನ. ನಾನು, ನಮ್ಮೆಜಮಾನ್ರು, ಪಿಯುಸಿ ಓದ್ತಿರೋ ಮಗ, ನಮ್ಮತ್ತೆ. ಇರೋದು ಮೈಸೂರಿನ ರಾಮಕೃಷ್ಣನಗರದಲ್ಲಿ. ಹಾಲು, ತರಕಾರಿ, ಗ್ಯಾಸು ಬಿಟ್ಟು ಬರೀ ದಿನಸಿಗೆ ಅಂತ ತಿಂಗಳಿಗೆ 9,000 ರೂಪಾಯಿ ಎತ್ತಿಡ್ತೀನಿ, ಆದ್ರೆ ಇಪ್ಪತ್ತನೇ ತಾರೀಕಿಗೆಲ್ಲ ಆ ಡಬ್ಬಿ ತಳ ಕಾಣ್ಸುತ್ತೆ. ಅತ್ತೆ ಸಗಟು ಅಂಗಡಿಗಳಿರೋ ಸಂತೆಪೇಟೆಗೆ ಹೋಗಮ್ಮ ಅಂತಾರೆ, ಇವ್ರು ಮಾರ್ಟಲ್ಲಿ ಆಫರ್ ಇರುತ್ತಲ್ಲ ಅಂತಾರೆ, ಮಗ ಫೋನಲ್ಲಿ ಒತ್ತಿದ್ರೆ ಹತ್ತು ನಿಮಿಷಕ್ಕೆ ಬರುತ್ತಲ್ಲಮ್ಮ ಅಂತಾನೆ, ನಂಗೋ ಬೀದಿ ಕೊನೆ ಅಂಗಡಿ ಅಭ್ಯಾಸ. ಜಗಳ ಬೇಡ ಅಂತ 2025ರ ಜೂನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಂದು ಕಡೆ, ಒಂದೇ ಚೀಟಿ ಹಿಡ್ಕೊಂಡು ತಂದು ನೋಡಿದೆ. ಹಾಲನ್ನ ಯಾಕೆ ಬಿಟ್ಟೆ ಅಂದ್ರೆ ನಂದಿನಿ ನೀಲಿ ಪ್ಯಾಕೆಟ್ಟು ಲೀಟರಿಗೆ 46 ಅಂತ ಆ ಏಪ್ರಿಲ್‌ನಲ್ಲಿ ಆಗಿದ್ದು, ಎಲ್ಲಿ ತಗೊಂಡ್ರೂ ಅಷ್ಟೇ.

ಜೂನ್, ಮಾರ್ಟು. ಬಿಲ್ಲು 10,480. ರೇಟು ಜಾಸ್ತಿ ಅಂತ ಹೇಳೋಕಾಗಲ್ಲ, ತೊಗರಿಬೇಳೆ ಕೆಜಿಗೆ 118 ಇತ್ತು, ಸಕ್ಕರೆನೂ ಕಮ್ಮಿನೇ. ಆದ್ರೆ ಮನೆಗೆ ಬಂದು ಬಿಲ್ಲಿನ ಮೇಲೆ ಪೆನ್ಸಿಲಲ್ಲಿ ಟಿಕ್ ಹಾಕ್ತಾ ಹೋದೆ, ಚೀಟೀಲಿ ಇಲ್ದೇ ಇರೋದು ಎಷ್ಟು ಅಂತ, 2,310 ರೂಪಾಯಿ! ಎರಡು ಬಿಸ್ಕೆಟ್ ಕಟ್ಟು, ಸಾಸು, ಯಾರೂ ತಿನ್ನದ ಓಟ್ಸು, ಪ್ಲಾಸ್ಟಿಕ್ ಡಬ್ಬಿ ಸೆಟ್ಟು, ಕಾಲೊರೆಸೋ ಮ್ಯಾಟು. ತಳ್ಳೋ ಗಾಡಿ ಕೈಗೆ ಸಿಕ್ಕಿದ್ರೆ ಇವ್ರು ಬೇರೆ ಮನುಷ್ಯ ಆಗ್ಬಿಡ್ತಾರೆ.

ಅಲ್ಲೇ ಇನ್ನೊಂದು ಕಲ್ತೆ. ಎಣ್ಣೆ ಕವರು 139, ಪಕ್ಕದಲ್ಲೇ ಇನ್ನೊಂದು 155, ಯಾರಾದ್ರೂ 139ರದ್ದೇ ಎತ್ಕೊಳ್ತಾರೆ. ಕನ್ನಡಕ ಹಾಕ್ಕೊಂಡು ನೋಡಿದ್ರೆ ಅದು 850 ಎಂಎಲ್, ಇನ್ನೊಂದು ಪೂರ್ತಿ ಲೀಟರು. ಲೆಕ್ಕ ಹಾಕಿದ್ರೆ ಅಗ್ಗದ್ದೇ ಲೀಟರಿಗೆ 163 ಚಿಲ್ಲರೆ ಬೀಳುತ್ತೆ. ಇನ್ನು ಕೆಲವು ಕವರಲ್ಲಿ ಗ್ರಾಂ ಲೆಕ್ಕ ದಪ್ಪಕ್ಷರದಲ್ಲಿ ಇರುತ್ತೆ, ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಂದ್ರೆ ಸುಮಾರು 910 ಗ್ರಾಂ, ಅಷ್ಟು ನೆನಪಿಟ್ಕೊಂಡ್ರೆ ಸಾಕು.

ಜುಲೈ, ಆ್ಯಪು. 11,260. ಬೇಗ ಹೇಳಿ ಮುಗಿಸ್ತೀನಿ. ಒಂದೇ ಸಲ ತರಿಸೋಣ ಅಂತ ಶುರು ಮಾಡಿದ್ದು ತಿಂಗಳ ಕೊನೆಗೆ 17 ಆರ್ಡರ್ ಆಗಿತ್ತು. ಜೀರಿಗೆ ಖಾಲಿ ಅಂತ ಫೋನ್ ತೆಗೆದ್ರೆ ಇನ್ನಿಷ್ಟು ಹಾಕಿದ್ರೆ ಡೆಲಿವರಿ ಫ್ರೀ ಅನ್ನುತ್ತೆ, ಹಾಕಿದ್ರೆ ಬೇಡದ್ದು ಬರುತ್ತೆ, ಹಾಕದಿದ್ರೆ ಡೆಲಿವರಿ ಚಾರ್ಜು, ಅದ್ರ ಮೇಲೆ ಹ್ಯಾಂಡ್ಲಿಂಗ್ ಚಾರ್ಜು, ಅದೇನು ಹ್ಯಾಂಡ್ಲ್ ಮಾಡ್ತಾರೋ ನಂಗಂತೂ ಗೊತ್ತಾಗ್ಲಿಲ್ಲ. ತೊಗರಿಬೇಳೆ ಅರ್ಧ ಕೆಜಿ ಪ್ಯಾಕೆಟ್ 74, ಅಂದ್ರೆ ಕೆಜಿಗೆ 148. ಬೇಳೆ ಮಾತ್ರ ಒಳ್ಳೇದಿತ್ತು, ಇಲ್ಲ ಅನ್ನಲ್ಲ.

ಆಗಸ್ಟ್, ಸಂತೆಪೇಟೆ. ವರಮಹಾಲಕ್ಷ್ಮಿ, ಗೌರಿ ಗಣೇಶ ಎಲ್ಲಾ ಅದೇ ತಿಂಗಳು, ಒಬ್ಬಟ್ಟಿಗೆ ಅಂತ ಕಡ್ಲೆಬೇಳೆ, ಬೆಲ್ಲ, ಚಿರೋಟಿ ರವೆ ಎಲ್ಲಾ ಜಾಸ್ತಿ ತಂದಿದ್ದು, ಆದ್ರೂ ಸಾಮಾನು 7,940, ಆಟೋಗೆ ಹೋಗಿ ಬರೋಕೆ 240, ಒಟ್ಟು 8,180. ತೊಗರಿಬೇಳೆ 112. ಅತ್ತೆನೂ ಬಂದಿದ್ರು. ದೇವರಾಜ ಮಾರ್ಕೆಟಲ್ಲಿ ಹೂವು ತಗೊಂಡು ಅಲ್ಲಿಂದ ನಡ್ಕೊಂಡೇ ಹೋದ್ವಿ. ಮೂಟೆ ಬಿಚ್ಚಿಟ್ಟಿರ್ತಾರೆ, ಕೈ ಹಾಕಿ ನೋಡಿ, ಒಂದೆರಡು ಕಾಳು ಬಾಯಿಗೆ ಹಾಕ್ಕೊಂಡು, ಹಳೇ ಮಾಲು ಇದು ಅಂತ ಮುಂದಿನ ಅಂಗಡಿಗೆ ಹೊರಡ್ತಾರೆ ಅತ್ತೆ, ನಂಗೆ ಒಣಮೆಣಸಿನಕಾಯಿ ಘಾಟಿಗೆ ಸೀನೋದೇ ಆಯ್ತು. ನಿಜವಾದ ಉಳಿತಾಯ ಆಗಿದ್ದು ಬೇಳೇಲಲ್ಲ, ಬ್ಯಾಡಗಿ ಮೆಣಸಿನಕಾಯಿ, ಧನಿಯಾ, ಜೀರಿಗೆ, ಮೆಂತ್ಯದಲ್ಲಿ. ನೂರು ಗ್ರಾಂ ಪ್ಯಾಕೆಟ್‌ಗೂ ಅಲ್ಲಿನ ಅರ್ಧ ಕೆಜಿಗೂ ಹೋಲಿಸಿದ್ರೆ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಎರಡು ತಿಂಗಳಿಗಾಗೋಷ್ಟು ಸಾರಿನ ಪುಡಿ ಮನೇಲೇ ಮಾಡಿದ್ವಿ.

ಆದ್ರೆ ತಪ್ಪು ಮಾಡಿದ್ದು ನಾನೇ. ಐದು ಕೆಜಿ ತಗೊಂಡ್ರೆ ರೇಟು ಬೇರೆ ಅಂದ್ರು ಅಂತ ರವೆ ಐದು ಕೆಜಿ, ಹೆಸರುಬೇಳೆ ಮೂರು ಕೆಜಿ ತಂದ್ಬಿಟ್ಟೆ. ಅತ್ತೆ ಬಡ್ಕೊಂಡ್ರು, ರವೆ ಬೆಚ್ಚಗೆ ಹುರಿದಿಡು, ಬೇಳೆಗೆ ಹರಳೆಣ್ಣೆ ಸವರಿಡು ಅಂತ. ಹಬ್ಬದ ಗಲಾಟೇಲಿ ಯಾರಿಗೆ ಟೈಮು? ಮಳೆಗಾಲದ ಥಂಡಿ ಬೇರೆ, ತಿಂಗಳು ತುಂಬೋಷ್ಟ್ರಲ್ಲಿ ರವೇಲಿ ಹುಳ. 340 ರೂಪಾಯಿ ಸಾಮಾನು ಹೋಯ್ತು. ಅದನ್ನ ಮತ್ತೆ ತರೋ ಖರ್ಚು ಸೇರಿಸಿದ್ರೆ 8,520.

ಸೆಪ್ಟೆಂಬರ್, ಅಂಗಡಿ. ಇಲ್ಲಿ ರೇಟು ಮಾರ್ಟಿಗಿಂತ ಹೆಚ್ಚುಕಮ್ಮಿ ಪ್ರತಿ ಐಟಮ್ಮಲ್ಲೂ ಜಾಸ್ತಿನೇ, ತೊಗರಿಬೇಳೆ 132. ಆದ್ರೂ ತಿಂಗಳ ಬಿಲ್ಲು 8,870, ಮಾರ್ಟಿಗಿಂತ 1,610 ಕಮ್ಮಿ. ಮೂರು ಸಲ ಕೂಡಿ ನೋಡಿದೆ, ನಂಬಿಕೆನೇ ಬರ್ಲಿಲ್ಲ. ಯಾಕೆ ಅಂದ್ರೆ ಅಲ್ಲಿ ಕೌಂಟರ್ ಆಚೆ ಸಾಮಾನು, ಈಚೆ ನಾನು, ಕೇಳಿದ್ದು ಮಾತ್ರ ಬರೋದು. ಐವತ್ತು ಗ್ರಾಂ ಗಸಗಸೆನೂ ತೂಗಿ ಪೊಟ್ಟಣ ಕಟ್ಟಿ ಕೊಡ್ತಾರೆ. ಉದ್ದಿನಬೇಳೆ ಎರಡು ಕೆಜಿ ಕೇಳಿದ್ರೆ, "ಅಕ್ಕಾ, ಇವತ್ತು ಅರ್ಧ ಕೆಜಿ ತಗೊಂಡೋಗಿ, ಹೊಸ ಮಾಲು ಶುಕ್ರವಾರ ಬರುತ್ತೆ" ಅಂದ್ರು. ಇದನ್ನ ಯಾವ ಆ್ಯಪ್ ಹೇಳುತ್ತೆ? ತೆಂಗಿನಕಾಯಿ ಕೆಟ್ಟಿದ್ರೆ ಹೋಳು ತೋರಿಸಿದ್ರೆ ಬೇರೆ ಕೊಡ್ತಾರೆ, ಆ ವರ್ಷ ಕಾಯಿ ರೇಟು ನೋಡಿದೋರಿಗೆ ಅದು ಎಷ್ಟು ದೊಡ್ಡ ವಿಷ್ಯ ಅಂತ ಗೊತ್ತು. ಒಂದೇ ಅಪಾಯ, ಲೆಕ್ಕ ಬರೆಸೋ ಪುಸ್ತಕ. ಅದ್ರ ಹಿಂದಿನ ವರ್ಷ ಮಗನ ಚಿಪ್ಸೆಲ್ಲ ಅದ್ರಲ್ಲೇ ಬೆಳೆದಿತ್ತು, ಈ ಸಲ ಅವತ್ತಿಂದು ಅವತ್ತೇ ಫೋನ್‌ಪೇ ಮಾಡಿದೆ. ಇನ್ನು ಸೆಪ್ಟೆಂಬರ್ 22ಕ್ಕೆ ಸೋಪು, ಪೇಸ್ಟು, ಶಾಂಪೂ ಜಿಎಸ್‌ಟಿ 18ರಿಂದ 5ಕ್ಕೆ ಇಳೀತಲ್ಲ, ನಾನು ಅವನ್ನೆಲ್ಲ ತಿಂಗಳ ಮೊದಲ ವಾರವೇ ತಗೊಂಡಾಗಿತ್ತು, ಹೊಟ್ಟೆ ಉರೀತು, ಆದ್ರೆ ಹೋಲಿಕೆ ಮಾತ್ರ ಕೆಡ್ಲಿಲ್ಲ.

ಅಕ್ಕಿ ಬಗ್ಗೆ ಒಂದು ಮಾತು. 26 ಕೆಜಿ ಮೂಟೆ ಯಾಕಿರುತ್ತೆ ಅಂತ ಯೋಚ್ನೆ ಮಾಡಿದೀರಾ? 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು, ಅದಕ್ಕೇ ಒಂದು ಕೆಜಿ ಜಾಸ್ತಿ ತುಂಬೋಕೆ ಶುರು ಮಾಡಿದ್ರು. 2025ರಲ್ಲಿ ಮೂಟೆ 1,480 ಇತ್ತು, ಅಂದ್ರೆ ಕೆಜಿಗೆ 57ರ ಒಳಗೆ, ಮಾರ್ಟಲ್ಲಿ ಅದೇ ಥರದ ಐದು ಕೆಜಿ ಚೀಲ 325 ಇತ್ತು, ಅಂದ್ರೆ ಕೆಜಿಗೆ 65.

ಈಗ ಏನ್ ಮಾಡ್ತಿದೀನಿ ಅಂದ್ರೆ, ಮೆಣಸಿನಕಾಯಿ, ಧನಿಯಾ, ತೊಗರಿಬೇಳೆಗೆ ಎರಡು ತಿಂಗಳಿಗೊಂದು ಸಲ ಸಂತೆಪೇಟೆ, ಅಕ್ಕಿ ಮೂಟೆ ಸೇರಿ ಬಾಕಿ ಎಲ್ಲಾ ಅಂಗಡಿ, ಮೂಟೆ ಅವರೇ ಮನೆಗೆ ಹಾಕಿ ಹೋಗ್ತಾರೆ. ಅಕ್ಟೋಬರ್‌ದು 8,390 ಆಯ್ತು. ಬಟ್ಟೆ ಸೋಪಿನ ಪುಡಿ ಮಾತ್ರ ಮಾರ್ಟಲ್ಲಿ ಅಗ್ಗ, ಅದಕ್ಕೆ ಇವ್ರನ್ನ ಫೋನ್ ಮನೇಲಿ ಇಡಿಸಿ, ಕೈಗೆ 400 ರೂಪಾಯಿ ನಗದು ಕೊಟ್ಟು ಕಳಿಸ್ತೀನಿ. ಹೋದ ವಾರ ಪುಡಿ ಜೊತೆ ಒಂದು ಮಗ್ಗು ಹಿಡ್ಕೊಂಡು ಬಂದ್ರು, ಪುಡಿಗೆ ಅದು ಫ್ರೀ ಅಂತೆ, ಬಿಲ್ಲು ಎಲ್ಲಿ ಅಂದ್ರೆ ದಾರೀಲಿ ಬಿದ್ದೋಯ್ತಂತೆ.