ಅರ್ಧಮುಖದ ರೆಸ್ಪಿರೇಟರ್: ಮರದ ಧೂಳಿನ ನಡುವೆ ವರ್ಷಗಟ್ಟಲೆ ಬಳಸಿದ ಮೇಲೆ

ಮರಗೆಲಸದವರ ನಡುವೆ ಮಾಸ್ಕ್ ವಿಷಯ ಬಂದರೆ ಮೊದಲು ಕೇಳುವುದೇ ‘ಎಷ್ಟು ಪರ್ಸೆಂಟ್ ಧೂಳು ತಡೆಯುತ್ತೆ?’ ಅಂತ. ಒಂದೇ ರೆಸ್ಪಿರೇಟರನ್ನು ವರ್ಷಗಳಿಂದ ಬಳಸುತ್ತಿರುವ ನನ್ನನ್ನು ಕೇಳಿದರೆ, ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಸ್ಯಾಂಡರ್ (ಮರ ಉಜ್ಜುವ ಮೆಷಿನ್) ಆಫ್ ಮಾಡಿದ ಮೇಲೂ ಅದನ್ನು ಮುಖದಿಂದ ತೆಗೆಯದೆ ಇರಲು ಆಗುತ್ತದೆಯೇ? ಆಗದಿದ್ದರೆ ಡಬ್ಬಿಯ ಮೇಲೆ ಎಷ್ಟೇ ದೊಡ್ಡ ಸಂಖ್ಯೆ ಇದ್ದರೂ ಪ್ರಯೋಜನ ಕಡಿಮೆ. ಈ ಒಂದು ಪರೀಕ್ಷೆಯಲ್ಲಿ ಗೆದ್ದದ್ದಕ್ಕೇ ನನ್ನದು ಇನ್ನೂ ಗೋಡೆಯ ಪಕ್ಕದ ಡಬ್ಬಿಯಲ್ಲಿ ಇದೆ, ಕಸದ ಬುಟ್ಟಿಗೆ ಹೋಗಿಲ್ಲ.

ನಾನು ಹೇಳುತ್ತಿರುವುದು ಮೂಗು, ಬಾಯಿ, ಗಲ್ಲ ಮುಚ್ಚುವ ಸಿಲಿಕೋನ್ ಮುಖವಾಡದ ಬಗ್ಗೆ. ಎರಡು ಕೆನ್ನೆಯ ಪಕ್ಕ ಚಪ್ಪಟೆಯ ದುಂಡು ಫಿಲ್ಟರ್, ಮಧ್ಯದಲ್ಲಿ ಉಸಿರು ಹೊರಬಿಡುವ ವಾಲ್ವ್, ತಲೆಯನ್ನು ಹಿಂದಿನಿಂದ ತೊಟ್ಟಿಲಿನಂತೆ ಹಿಡಿಯುವ ಒಂದು ಪಟ್ಟಿ, ಕತ್ತಿನ ಹಿಂದೆ ಕೊಕ್ಕೆ. ಫಿಲ್ಟರ್ ಮಾತ್ರ ಬದಲಾಗುತ್ತದೆ, ಮುಖವಾಡ ಉಳಿಯುತ್ತದೆ. ಅಮೆರಿಕದ ಲೆಕ್ಕದಲ್ಲಿ ಇಂಥ ಫಿಲ್ಟರ್‌ಗೆ ಪಿ100 ಎನ್ನುತ್ತಾರೆ, ಯುರೋಪಿನ ಲೆಕ್ಕದಲ್ಲಿ ಪಿ3.

ಇಷ್ಟೆಲ್ಲ ಬೇಕಾ ಎನ್ನುವವರು ಇದ್ದಾರೆ. ‘ಮರ ತಾನೆ, ನೈಸರ್ಗಿಕ ವಸ್ತು’ ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇವೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗಿನ ಒಳಭಾಗ ಮತ್ತು ಸೈನಸ್‌ಗಳ ಕ್ಯಾನ್ಸರ್. ಗಟ್ಟಿಮರದ ಧೂಳಿನಲ್ಲಿ ದುಡಿದವರಲ್ಲಿ ಹೆಚ್ಚು. ಶ್ವಾಸಕೋಶದ ಪಾಲಿಗೆ ಬರುವುದು ಉಬ್ಬಸ, ನಿಲ್ಲದ ಕೆಮ್ಮು, ಅಲರ್ಜಿ. ವೆಸ್ಟರ್ನ್ ರೆಡ್ ಸೀಡರ್ ಎಂಬ ಮರ ಮೆದುವಾದದ್ದು, ಪರಿಮಳವೂ ಚೆನ್ನಾಗಿದೆ. ಆದರೆ ಅದರಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಉಬ್ಬಸ ತರುತ್ತದೆಂದು ಚೆನ್ನಾಗಿ ಗೊತ್ತಾಗಿದೆ. ತೇಗ, ಬೀಟೆಗಳ ಪುಡಿ ಚರ್ಮಕ್ಕೂ ಆಗುವುದಿಲ್ಲ ಎಂಬುದು ಅವುಗಳಲ್ಲಿ ಕೆಲಸ ಮಾಡಿ ಮೈ ಕೆರೆದುಕೊಂಡವರಿಗೆಲ್ಲ ಗೊತ್ತು.

ಕೆಲಸದ ಜಾಗದ ಗಾಳಿಯಲ್ಲಿ ಮರದ ಧೂಳು ಎಷ್ಟಿರಬಹುದು ಎಂಬ ಮಿತಿ ಎಷ್ಟು ಸಣ್ಣದು ನೋಡಿ. ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಸೂಚಿಸುವುದು ಒಂದು ಘನ ಮೀಟರ್ ಗಾಳಿಯಲ್ಲಿ 1 ಮಿಲಿಗ್ರಾಂ. ಯುರೋಪಿನ ಒಕ್ಕೂಟ ಗಟ್ಟಿಮರದ ಧೂಳಿಗೆ 2023ರಿಂದ ಇಟ್ಟಿರುವುದು 2 ಮಿಲಿಗ್ರಾಂ. ಎಂಟು ಗಂಟೆಯ ಕೆಲಸದಲ್ಲಿ ಒಬ್ಬರು ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾರೆ ಎಂದು ಹಿಡಿದರೂ, ದಿನವಿಡೀ ಸೇರಿ 10–20 ಮಿಲಿಗ್ರಾಂ, ಅಂದರೆ ಒಂದು ಚಿಟಿಕೆಗಿಂತಲೂ ಕಡಿಮೆ. ಸ್ಯಾಂಡರ್ ಒಂದು ಹಲಗೆಯಿಂದ ಎಬ್ಬಿಸುವ ಪುಡಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಆದರೆ ನೆಲದ ಮೇಲೆ ಕಾಣುವ ಹೊಟ್ಟು ಅಷ್ಟು ದೊಡ್ಡ ಶತ್ರುವಲ್ಲ. ಉಜ್ಜುಗೊರಡಿನಿಂದ ಸುರುಳಿ ಸುರುಳಿಯಾಗಿ ಬರುವ ಸಿಪ್ಪೆ ಕಾಲ ಬಳಿಯೇ ಬೀಳುತ್ತದೆ, ಅದನ್ನು ಗುಡಿಸಿದರೆ ಮುಗಿಯಿತು. ಶ್ವಾಸಕೋಶಕ್ಕೆ ತೊಂದರೆ ಇರುವುದು 10 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ಕಣಗಳಲ್ಲಿ. 4 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಇವು ಕಣ್ಣಿಗೆ ಬೀಳುವುದಿಲ್ಲ. ನೋಡಬೇಕೆಂದಿದ್ದರೆ ಸಣ್ಣ ನಂಬರಿನ ಒರಟು ಉಪ್ಪುಕಾಗದ ಬಿಟ್ಟು ನಯವಾದ 220ರದ್ದು ಹಾಕಿ ಒಂದು ಹಲಗೆ ಉಜ್ಜಿ, ಮೆಷಿನ್ ನಿಲ್ಲಿಸಿ, ದೀಪ ಆರಿಸಿ, ಟಾರ್ಚನ್ನು ಅಡ್ಡಲಾಗಿ ಹಿಡಿಯಿರಿ. ಬೆಳಕಿನ ಪಟ್ಟೆಯೊಳಗೆ ಧೂಳು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಸುಮ್ಮನೆ ತೇಲುತ್ತಿರುತ್ತದೆ. ಕೈ ಬೀಸಿದರೆ ಸುಳಿಯುತ್ತದೆ. ಚಹಾ ಕುಡಿದು ಬಂದು ಮತ್ತೆ ಟಾರ್ಚ್ ಹಿಡಿದರೂ ಅಲ್ಲೇ ಇರುತ್ತದೆ. ಬಹಳ ಜನ ಮಾಸ್ಕ್ ಕಳಚುವುದು ಸರಿಯಾಗಿ ಈ ಹೊತ್ತಿಗೇ: ಮೆಷಿನ್ ನಿಂತಿತು, ಸದ್ದಿಲ್ಲ, ಕೆಲಸ ಮುಗಿಯಿತು ಅಂತ. ಆಮೇಲೆ ಪೊರಕೆ ಹಿಡಿದು ಕೂತಿದ್ದನ್ನೂ ಎಬ್ಬಿಸುತ್ತಾರೆ.

ಆದ್ದರಿಂದಲೇ ಹಾಯಾಗಿ ಹಾಕಿಕೊಂಡಿರಲು ಆಗುವುದು ನನಗೆ ಮೊದಲ ಗುಣ. ಬಿಸಾಡುವ ಎನ್‌95 ಮಾಸ್ಕ್ ಕೆಟ್ಟದ್ದಲ್ಲ. ಸರಿಯಾಗಿ ಕೂತರೆ ಒಳ್ಳೆಯ ರಕ್ಷಣೆ ಕೊಡುತ್ತದೆ. ಆದರೆ ಬೆವರು, ಉಸಿರಿನ ತೇವ ಸೇರಿ ಅದು ಮೆತ್ತಗಾಗುತ್ತದೆ, ಮೂಗಿನ ಪಕ್ಕ ಸಂದು ಬಿಡುತ್ತದೆ, ಕನ್ನಡಕ ಮಂಜಾಗುತ್ತದೆ. ಕನ್ನಡಕ ಮಂಜಾಯಿತು ಎಂದರೆ ಉಸಿರು ಫಿಲ್ಟರ್ ಬಿಟ್ಟು ಸಂದಿನಿಂದ ಹೊರಟಿದೆ ಎಂದರ್ಥ. ಗಾಳಿ ಹೊರಗೆ ಹೋಗುವ ದಾರಿಯಲ್ಲಿ ಧೂಳು ಒಳಗೂ ಬರುತ್ತದೆ. ಸಿಲಿಕೋನ್ ಮುಖವಾಡದಲ್ಲಿ ಉಸಿರು ಕೆಳಮುಖವಾಗಿ ಹೊರಬೀಳುತ್ತದೆ, ಹಾಗಾಗಿ ಗಾಜು ತಿಳಿಯಾಗಿರುತ್ತದೆ. ಗರಗಸದ ಮುಂದೆ ನಿಂತವರಿಗೆ ಇದು ಶ್ವಾಸಕೋಶದ ವಿಷಯ ಮಾತ್ರವಲ್ಲ, ಬೆರಳುಗಳ ವಿಷಯವೂ ಹೌದು.

ಡಬ್ಬಿಯ ಮೇಲಿನ ಸಂಖ್ಯೆಗೆ ಬರೋಣ. ಪಿ100 ಫಿಲ್ಟರ್ 0.3 ಮೈಕ್ರಾನಿನ ಸುಮಾರಿನ, ಹಿಡಿಯಲು ಅತಿ ಕಷ್ಟವಾದ ಕಣಗಳಲ್ಲೇ 99.97 ಪ್ರತಿಶತ ತಡೆಯುತ್ತದೆ. ಎನ್‌95 ತಡೆಯುವುದು 95 ಪ್ರತಿಶತ. ಆದರೂ ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಓಶಾ ಸಂಸ್ಥೆಯ ನಿಯಮದಲ್ಲಿ ಎರಡೂ ಬಗೆಯ ಅರ್ಧಮುಖದ ಮಾಸ್ಕಿಗೆ ಕೊಟ್ಟಿರುವ ರಕ್ಷಣಾ ಅಂಕ ಒಂದೇ, 10. ಅಂದರೆ ಒಳಗಿನ ಗಾಳಿಯಲ್ಲಿ ಧೂಳು ಹೊರಗಿನದರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದಷ್ಟೇ ನೆಚ್ಚಬಹುದು. ಉಳಿದ ಸೋರಿಕೆ ಹೆಚ್ಚಾಗಿ ಅಂಚಿನದು. ಇದನ್ನು ಓದಿದ ಮೇಲೆ ನಾನು ಫಿಲ್ಟರಿಗಿಂತ ಅಂಚಿನ ಮೇಲೆ ಗಮನ ಇಡುತ್ತೇನೆ. ಹಾಕಿಕೊಂಡ ಪ್ರತಿಸಲ ಅಂಗೈಯಿಂದ ಎರಡೂ ಫಿಲ್ಟರ್ ಮುಚ್ಚಿ ಮೆಲ್ಲನೆ ಉಸಿರೆಳೆಯಬೇಕು. ಮುಖವಾಡ ಒಳಕ್ಕೆ ಕುಗ್ಗಿ ಹಾಗೇ ನಿಲ್ಲಬೇಕು. ಆಮೇಲೆ ವಾಲ್ವ್ ಮುಚ್ಚಿ ಉಸಿರು ಬಿಡಬೇಕು. ಅದು ಸ್ವಲ್ಪ ಉಬ್ಬಬೇಕು, ಮೂಗಿನ ಪಕ್ಕ ಗಾಳಿ ಸುಳಿಯಬಾರದು. ಹತ್ತು ಸೆಕೆಂಡಿನ ಕೆಲಸ. ಪಟ್ಟಿಯನ್ನು ಬಿಗಿದಷ್ಟೂ ಒಳ್ಳೆಯದು ಎಂಬುದು ಸುಳ್ಳು, ಅತಿ ಬಿಗಿದರೆ ಅಂಚು ಮಡಚಿಕೊಂಡು ಅಲ್ಲೇ ಸೋರುತ್ತದೆ. ಸಾಮಾನ್ಯವಾಗಿ ಮೂರು ಅಳತೆಗಳಲ್ಲಿ ಬರುತ್ತದೆ. ಹಾಕಿ ನೋಡದೆ ಕೊಳ್ಳಬೇಡಿ.

ಗಡ್ಡ ಬಿಟ್ಟವರಿಗೆ ಇದು ಆಗದು. ಒಂದೆರಡು ದಿನದ ಕುರುಚಲು ಗಡ್ಡವೂ ಸಿಲಿಕೋನನ್ನು ಚರ್ಮದಿಂದ ಎತ್ತಿ ಹಿಡಿಯುತ್ತದೆ. ಅಂಥವರಿಗೆ ಬ್ಯಾಟರಿ ಫ್ಯಾನಿನಿಂದ ಸೋಸಿದ ಗಾಳಿ ಊದುವ ಸಡಿಲ ಹುಡ್‌ನ ಪಿಎಪಿಆರ್ ಒಳ್ಳೆಯದು. ದುಬಾರಿ, ತಲೆಗೆ ಭಾರ, ಆದರೆ ಅಂಚಿನ ಚಿಂತೆ ಇಲ್ಲ.

ಇನ್ನು ದೂರುಗಳು. ಮಾತಾಡಿದರೆ ಎದುರಿನವರಿಗೆ ಅರ್ಥವಾಗುವುದಿಲ್ಲ, ಕೂಗಬೇಕು. ಸೆಕೆಗಾಲದಲ್ಲಿ ಗಲ್ಲದ ಬಳಿ ಬೆವರು ನಿಲ್ಲುತ್ತದೆ. ತಲೆಪಟ್ಟಿಯ ಎಲಾಸ್ಟಿಕ್ ಮೊದಲು ಸಡಿಲವಾದ ಭಾಗ. ಎಲ್ಲಕ್ಕಿಂತ ಮುಖ್ಯವಾದದ್ದು ಹೊರಬಿಡುವ ವಾಲ್ವ್. ಮುಂದಿನ ಮುಚ್ಚಳ ಕಿತ್ತರೆ ಒಳಗೆ ರೂಪಾಯಿ ನಾಣ್ಯದಷ್ಟಗಲದ ತೆಳು ರಬ್ಬರ್ ಬಿಲ್ಲೆ ಕಾಣುತ್ತದೆ. ಉಸಿರಿನ ತೇವಕ್ಕೆ ಸಣ್ಣ ಪುಡಿ ಅಂಟಿ ಅದರ ಅಂಚಿನಲ್ಲಿ ಕಂದು ಗೆರೆಯಾಗಿ ಕಟ್ಟಿಕೊಳ್ಳುತ್ತದೆ. ಒಂದೇ ಒಂದು ನಾರು ಅಲ್ಲಿ ಸಿಕ್ಕಿಕೊಂಡರೂ ಬಿಲ್ಲೆ ಪೂರ್ತಿ ಕೂರುವುದಿಲ್ಲ, ಪ್ರತಿ ಉಸಿರಿಗೂ ಸೋಸದ ಗಾಳಿ ಒಳಗೆ ಬರುತ್ತದೆ. ಕೆಲಸದ ವಾರ ಮುಗಿದಾಗ ಫಿಲ್ಟರ್ ಬಿಚ್ಚಿ, ಮುಖವಾಡವನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ಬಿಲ್ಲೆಯನ್ನು ಒರೆಸಿ ನೆರಳಲ್ಲಿ ಒಣಗಿಸುವುದು ನನ್ನ ಪದ್ಧತಿ.

ಫಿಲ್ಟರನ್ನು ಮಾತ್ರ ತೊಳೆಯಬಾರದು, ಕಂಪ್ರೆಸರ್ ಗಾಳಿ ಊದಿ ‘ಕ್ಲೀನ್’ ಮಾಡಲೂ ಬಾರದು. ಹೆಚ್ಚಿನವುಗಳ ನಾರಿನಲ್ಲಿ ಸ್ಥಿರವಿದ್ಯುತ್ತಿನ ಆವೇಶ ಇರುತ್ತದೆ, ಸಣ್ಣ ಕಣಗಳನ್ನು ಸೆಳೆದು ಹಿಡಿಯುವುದು ಅದೇ. ಸ್ಪಿರಿಟ್ ತಾಗಿದರೆ ಆವೇಶ ಹೋಗುತ್ತದೆ, ಗಾಳಿಯ ಹೊಡೆತಕ್ಕೆ ನಾರು ಹರಿಯುತ್ತದೆ. ಧೂಳು ತುಂಬಿದಂತೆ ಉಸಿರೆಳೆಯುವುದು ಕಷ್ಟವಾಗುತ್ತ ಬರುತ್ತದೆ. ಆಗ ಬದಲಿಸಿದರೆ ಸಾಕು. ಕಳಚಿದ ಮಾಸ್ಕನ್ನು ಬೆಂಚಿನ ಮೇಲೆ ಬಾಯಿ ಮೇಲಾಗಿ ಇಟ್ಟರೆ ತೇಲುವ ಧೂಳೆಲ್ಲ ಒಳಗೇ ಕೂರುತ್ತದೆ. ಮುಚ್ಚಳದ ಡಬ್ಬಿ ಬೇಕೇ ಬೇಕು.

ಇದು ಮಾಡದ ಕೆಲಸವೂ ಇದೆ. ಕಣದ ಫಿಲ್ಟರ್ ಆವಿಯನ್ನು ತಡೆಯುವುದಿಲ್ಲ. ವಾರ್ನಿಶ್, ಥಿನ್ನರ್ ಬಳಸುವಾಗ ಇದ್ದಿಲಿನ ಕಾರ್ಟ್ರಿಜ್ ಬೇರೆ ಬೇಕು. ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿದ ಹಲಗೆ) ಕತ್ತರಿಸಿದಾಗ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಅನಿಲಕ್ಕೂ ಅದಕ್ಕೆಂದೇ ಗುರುತು ಮಾಡಿದ ಕಾರ್ಟ್ರಿಜ್ ಆಗಬೇಕು. ಪಕ್ಕದಲ್ಲಿ ಹಲಗೆ ಹಿಡಿದು ನಿಂತ ಸಹಾಯಕನ ಶ್ವಾಸಕೋಶವನ್ನಂತೂ ನನ್ನ ಮಾಸ್ಕ್ ಕಾಯುವುದಿಲ್ಲ. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ: ಎಷ್ಟೋ ಕಡೆ ಮೆಷಿನ್ ಹಿಡಿದವರಿಗೆ ಮಾತ್ರ ಮಾಸ್ಕ್, ಕಸ ಗುಡಿಸುವವರಿಗೆ ಏನೂ ಇಲ್ಲ. ಧೂಳನ್ನು ಹುಟ್ಟುವ ಜಾಗದಲ್ಲೇ ಹೀರುವ ವ್ಯವಸ್ಥೆ ಮೊದಲು, ಮಾಸ್ಕ್ ಆಮೇಲೆ. ಹೀರುವ ಯಂತ್ರಕ್ಕೂ ಬಟ್ಟೆಯ ಚೀಲವಿದ್ದರೆ ದಪ್ಪ ಪುಡಿ ಚೀಲದಲ್ಲಿ ಉಳಿದು ಸಣ್ಣದು ಬಟ್ಟೆಯ ಮೂಲಕ ಮತ್ತೆ ಕೋಣೆಗೇ ಬರುತ್ತದೆ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ದರ್ಜೆಯ ಫಿಲ್ಟರ್ ಇರಲಿ, ಅಥವಾ ಚೀಲ ಹೊರಗಿರಲಿ. ತೊಟ್ಟ ಬಟ್ಟೆಗೆ ಅಂಟಿದ ಪುಡಿಯನ್ನು ಗಾಳಿ ಊದಿ ಕೊಡವಬೇಡಿ, ವ್ಯಾಕ್ಯೂಮ್ ಹಿಡಿಯಿರಿ.

ಕೊಳ್ಳುವ ಮುನ್ನ ವಾಲ್ವ್ ಬಿಲ್ಲೆ, ಉಸಿರೆಳೆಯುವ ಕಡೆಯ ಒಳವಾಲ್ವ್, ತಲೆಪಟ್ಟಿ ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ. ಸಿಗದ ಮಾದರಿಯನ್ನು, ಎಷ್ಟೇ ಅಗ್ಗವಾದರೂ, ನಾನು ಯಾರಿಗೂ ಹೇಳುವುದಿಲ್ಲ. ಫಿಲ್ಟರ್ ಜೋಡಿ ಒಂದು ಹೆಚ್ಚಿಗೆ ತಂದಿಡಿ, ಹಳೆಯದು ಉಸಿರುಕಟ್ಟಿಸುವಂತಾದ ದಿನ ‘ನಾಳೆ ತರೋಣ’ ಎಂದು ಬರಿಮುಖದಲ್ಲಿ ಉಜ್ಜುವಂತಾಗಬಾರದು.