ಬಿಡುಗಡೆ, ಚರ್ಚೆ, ಗಟ್ಟಿ ಓದು: ಪುಸ್ತಕದಂಗಡಿಯ ಮೂರು ಬಗೆಯ ಕೂಟಗಳು

ಶಿವಮೊಗ್ಗದಲ್ಲಿ ಸಾಹಿತ್ಯದ ಸಭೆಗಳಿಗೆ ಕೊರತೆಯಿಲ್ಲ. 1930ರಲ್ಲಿ ಆರಂಭವಾದ ಕರ್ನಾಟಕ ಸಂಘವಿದೆ, ಕುವೆಂಪು ರಂಗಮಂದಿರವಿದೆ, ಸಾಗರದ ಕಡೆಗೆ ಹೋದರೆ 1949ರಲ್ಲಿ ಹುಟ್ಟಿದ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಇದೆ. ಹೀಗಿರುವಾಗ ಸಣ್ಣ ಪುಸ್ತಕದಂಗಡಿಯೊಂದು ತನ್ನ ಕಪಾಟುಗಳ ನಡುವೆ ಕುರ್ಚಿ ಹಾಕಿ ನಡೆಸುವ ಕೂಟವು, ಸಭಾಂಗಣದಲ್ಲಿ ಆಗದ ಯಾವ ಕೆಲಸವನ್ನು ಮಾಡಬಲ್ಲದು ಎಂದು ಕೇಳಿಕೊಳ್ಳಬೇಕಾಗುತ್ತದೆ. ನಗರದ ಅಂತಹ ಅಂಗಡಿಯೊಂದರಲ್ಲಿ ನಡೆಯುವ ಪುಸ್ತಕ ಬಿಡುಗಡೆ, ತಿಂಗಳ ಚರ್ಚೆ ಮತ್ತು ಗಟ್ಟಿಯಾಗಿ ಓದುವ ಕೂಟ, ಈ ಮೂರರಲ್ಲೂ ಕೆಲವು ವರ್ಷಗಳಿಂದ ಕುಳಿತಿದ್ದೇನೆ. ಕೆಲವನ್ನು ನಾನೇ ನಡೆಸಿಕೊಟ್ಟಿದ್ದೇನೆ.

ಬಿಡುಗಡೆ ಸಮಾರಂಭದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅಂದು ಜನ ತುಂಬುತ್ತಾರೆ, ಲೇಖಕರ ಬಂಧುಗಳೂ ಸಹೋದ್ಯೋಗಿಗಳೂ ಪ್ರತಿ ಕೊಳ್ಳುತ್ತಾರೆ, ಅಂಗಡಿಯವರಿಗೆ ಆ ದಿನದ ವ್ಯಾಪಾರ ಚೆನ್ನಾಗಿ ಆಗುತ್ತದೆ. ಆದರೆ ಸ್ವಾಗತ, ಪುಸ್ತಕ ಪರಿಚಯ, ಅಧ್ಯಕ್ಷರ ಮಾತು, ವಂದನಾರ್ಪಣೆ ಎಂಬ ಕ್ರಮದಲ್ಲಿ ಸಮಯವೆಲ್ಲ ಕಳೆದುಹೋಗಿ, ಪುಸ್ತಕವನ್ನು ಅದುವರೆಗೆ ಓದಿದವರು ವೇದಿಕೆಯ ಮೇಲಿನ ಮೂವರೇ ಆಗಿರುತ್ತಾರೆ. ಅಂದು ಬಂದವರಲ್ಲಿ ಮರುತಿಂಗಳು ಅಂಗಡಿಯ ಮೆಟ್ಟಿಲು ಹತ್ತುವವರು ಕಡಿಮೆ.

ತಿಂಗಳಿಗೊಂದು ಪುಸ್ತಕವನ್ನು ಎಲ್ಲರೂ ಓದಿಕೊಂಡು ಬಂದು ಚರ್ಚಿಸುವ ಕೂಟ ಇದಕ್ಕಿಂತ ಗಂಭೀರವಾದದ್ದು, ಕಷ್ಟದ್ದೂ ಹೌದು. ಮೊದಲ ಕಷ್ಟ ಪ್ರತಿಗಳದ್ದು. ಸಾವಿರ ಪ್ರತಿಯ ಮುದ್ರಣ ಮುಗಿದು ಮರುಮುದ್ರಣವಾಗದ ಕಾದಂಬರಿಯನ್ನು ಆರಿಸಿಕೊಂಡರೆ ಹದಿನೈದು ಜನರ ಕೈಗೆ ಪುಸ್ತಕ ತಲುಪಿಸುವುದೇ ಅಂಗಡಿಯವರಿಗೆ ಒಂದು ಹೋರಾಟವಾಗುತ್ತದೆ. ಎರಡನೆಯದು, ಅರ್ಧ ಓದಿದವರ ಸಂಕೋಚ. ಅವರು ಬಾಯಿ ತೆರೆಯುವುದಿಲ್ಲ, ಮುಂದಿನ ತಿಂಗಳು ಬರುವುದನ್ನೇ ಬಿಡುತ್ತಾರೆ. ಕೊನೆಗೆ ಪಾಠ ಹೇಳಿ ಅಭ್ಯಾಸವಿರುವ ಇಬ್ಬರು ಮೂವರ ಮಾತಷ್ಟೇ ಉಳಿಯುತ್ತದೆ. ಇಷ್ಟಾದರೂ ಕೆಲವು ಪುಸ್ತಕಗಳಿಗೆ ಈ ಕ್ರಮವೇ ತಕ್ಕದ್ದು. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ನಾವು ಒಂದೇ ತಿಂಗಳಿಗೆ ತುರುಕದೆ ಒಂದು ಮಳೆಗಾಲದುದ್ದಕ್ಕೂ ಹಂಚಿಕೊಂಡೆವು. ಮೇಗರವಳ್ಳಿಯ ಕಡೆಯ ಹಿರಿಯರೊಬ್ಬರು ಬಿಳಿ ಹಾಳೆಯ ಮೇಲೆ ಆಗುಂಬೆಯ ರಸ್ತೆ, ಹಳ್ಳಗಳು, ಮೊದಲಿದ್ದ ಕಾಲುದಾರಿಗಳನ್ನು ಪೆನ್ಸಿಲಿನಲ್ಲಿ ಗೆರೆ ಎಳೆದು, ಕಾದಂಬರಿಯ ಪಾತ್ರ ಗುತ್ತಿ ಯಾವ ದಿಕ್ಕಿನಿಂದ ಬಂದಿರಬಹುದು ಎಂದು ತೋರಿಸಿದ ದಿನ, ಅದುವರೆಗೆ ಪಾತ್ರಗಳ ಹೆಸರಿನಲ್ಲೇ ತೊಡಕಿಕೊಂಡಿದ್ದ ಕಾಲೇಜು ಹುಡುಗರು ಹಾಳೆಯ ಸುತ್ತ ಮುಗಿಬಿದ್ದರು. ಓದಿ ಬಂದವರ ನಡುವೆ ಮಾತ್ರ ಆಗುವಂಥದ್ದು ಅದು.

ಹಾಗಿದ್ದೂ ನನ್ನ ಒಲವು ಮೂರನೆಯ ಬಗೆಯ ಕಡೆಗೇ. ಇಲ್ಲಿ ಯಾರೂ ಮೊದಲೇ ಓದಿರಬೇಕಾಗಿಲ್ಲ, ಕೊಂಡಿರಬೇಕಾಗಿಯೂ ಇಲ್ಲ. ಒಬ್ಬರು ಒಂದು ಕತೆಯನ್ನೋ ಅಧ್ಯಾಯವನ್ನೋ ಓದುತ್ತಾರೆ, ಉಳಿದವರು ಕೇಳುತ್ತಾರೆ, ಬೇಕೆನಿಸಿದಲ್ಲಿ ನಿಲ್ಲಿಸಿ ಮಾತನಾಡುತ್ತಾರೆ. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ತುಂಗೆಯ ದಂಡೆಯ ಹೊಸಹಳ್ಳಿಯಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕ ಇಂದಿಗೂ ಬಾಳುತ್ತಿದೆ. ಆ ಊರಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದದ್ದು ಗಮಕಕ್ಕಾಗಿಯೇ. ಒಬ್ಬರು ವಾಚನ ಮಾಡಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುವ ಆ ಪದ್ಧತಿಯಲ್ಲಿ, ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಬಲ್ಲವರಾಗಿದ್ದರು. ಗದ್ಯಕ್ಕೆ ರಾಗದ ಅಗತ್ಯವಿಲ್ಲ, ಆದರೆ ಕೇಳುವವರಿಗೆ ಸಿಗುವ ಬಿಡುವು ಅದೇ ಬಗೆಯದು.

ನಾ. ಡಿಸೋಜರು ಶರಾವತಿ ಯೋಜನೆಯ ಮುಳುಗಡೆಯನ್ನು ಕುರಿತು ಬರೆದ ಪುಟಗಳನ್ನು ಹೀಗೆಯೇ ಓದಿಸಿದ್ದೆವು. ಮಗಳೊಂದಿಗೆ ಬಂದಿದ್ದ ವೃದ್ಧೆಯೊಬ್ಬರು ಸ್ವಲ್ಪ ಹೊತ್ತು ಕೇಳಿ, “ನಮ್ಮ ಮನೆ ಬಾಗ್ಲು, ಕಿಟಕಿ ಎಲ್ಲಾ ಕಿತ್ಕಂಡೇ ಬಂದಿದ್ವಿ, ಅದೇ ಬಾಗ್ಲು ಈಗ್ಲೂ ಐತಿ” ಎಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಹೊತ್ತಿಗೆ ಊರು ಬಿಟ್ಟು ಶಿವಮೊಗ್ಗದ ಕಡೆಗೆ ಬಂದ ಮನೆತನಗಳಲ್ಲಿ ಅವರದೂ ಒಂದು. ಗಾಡಿಗೆ ಏನೇನು ಹೇರಿದರು, ಕೊಟ್ಟಿಗೆಯ ದನಗಳನ್ನು ಯಾರಿಗೆ ಕೊಟ್ಟರು ಎಂಬುದನ್ನೆಲ್ಲ ಅವರು ಹೇಳಿ ಮುಗಿಸುವವರೆಗೆ ಓದು ನಿಂತಿತು, ನಿಲ್ಲಬೇಕಾದದ್ದೂ ಸರಿ. ಚರ್ಚೆಯ ಕೂಟಕ್ಕೆ ಅವರು ಬರುತ್ತಲೇ ಇರಲಿಲ್ಲ, ಏಕೆಂದರೆ ಅವರಿಗೆ ಈಗ ಸಣ್ಣಕ್ಷರ ಕಾಣಿಸುವುದಿಲ್ಲ.

ಈ ಕ್ರಮಕ್ಕೂ ಮಿತಿಗಳಿವೆ. ಎರಡು ತಾಸಿನಲ್ಲಿ ನಲವತ್ತು ಪುಟ ದಾಟುವುದು ಕಷ್ಟ, ಆದ್ದರಿಂದ ದೊಡ್ಡ ಕಾದಂಬರಿಗೆ ಇದು ಒಗ್ಗದು. ಓದುವವರು ಹಿಂದಿನ ದಿನವೇ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳದಿದ್ದರೆ ಅರ್ಧ ಗಂಟೆಯೊಳಗೆ ಕೇಳುವವರ ಗಮನ ಚದುರುತ್ತದೆ. ಅಂದೇ ಮಾರಾಟವಾಗುವ ಪ್ರತಿಗಳು ಬಿಡುಗಡೆಯ ದಿನಕ್ಕೆ ಹೋಲಿಸಿದರೆ ತೀರಾ ಕಡಿಮೆ. ಆದರೆ ಅರ್ಧಕ್ಕೆ ನಿಂತ ಕತೆಯ ಉಳಿದ ಭಾಗಕ್ಕಾಗಿ ವಾರದ ನಡುವೆ ಅಂಗಡಿಗೆ ಬಂದು ಪುಸ್ತಕ ಕೇಳುವವರನ್ನು ನಾನು ಕೌಂಟರಿನ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಅವರಲ್ಲಿ ಕೆಲವರು ನಂತರ ಚರ್ಚೆಯ ಕೂಟಕ್ಕೂ ಸೇರಿದ್ದಾರೆ.

ಕೂಟ ಆರಂಭಿಸಬೇಕೆಂದಿರುವ ಅಂಗಡಿಯವರು ಗಟ್ಟಿ ಓದಿನಿಂದಲೇ ತೊಡಗುವುದು ಒಳ್ಳೆಯದು. ಹತ್ತು ಹನ್ನೆರಡು ಜನ ನಿಯಮಿತವಾಗಿ ಬರತೊಡಗಿದ ಮೇಲೆ ಚರ್ಚೆಯ ಪುಸ್ತಕವನ್ನು ಅವರಿಂದಲೇ ಆರಿಸಿಕೊಳ್ಳಬಹುದು. ಸಂಜೆಗಿಂತ ಭಾನುವಾರ ಬೆಳಿಗ್ಗೆ ಹತ್ತೂವರೆ ಉತ್ತಮ ಸಮಯ. ಮಳೆಗಾಲದ ಸಂಜೆಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ತೀರ್ಥಹಳ್ಳಿಯ ಬಸ್ಸು ಹಿಡಿಯಬೇಕಾದವರ ಕಣ್ಣು ಗಡಿಯಾರದ ಮೇಲೆಯೇ ಇರುತ್ತದೆ.