ಹಾಸನದ ಹೊರಗಿನ ಒಂದು ಎಂಜಿನಿಯರಿಂಗ್ ಕಾಲೇಜು: ಪಾಠ ಚೆನ್ನಾಗಿದೆ, ಫೀಸು ಕೇಳಿಕೊಂಡು ಸೇರಿ

ಮಗಳು ಇಲ್ಲಿ ಸಿವಿಲ್ ಸೇರಿ ಎರಡು ವರ್ಷ ಆಯಿತು. ಖಾಸಗಿ ಕಾಲೇಜು, ಹೆಸರು ಹಾಕುವುದಿಲ್ಲ. ಸಿಇಟಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚು ಆರಿಸಿ ತುಂಬುವುದಕ್ಕೆ ಕೂತಿರುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಪಾಠದ ಬಗ್ಗೆ ದೂರಿಲ್ಲ. 60 ಸೀಟಿನ ಕ್ಲಾಸಿನಲ್ಲಿ ಇರುವುದು 14 ಮಕ್ಕಳು, ಹಾಗಾಗಿ ಸರ್ವೆ ಲ್ಯಾಬಿನಲ್ಲಿ ಟೋಟಲ್ ಸ್ಟೇಷನ್ (ಜಮೀನು ಅಳೆಯುವ ಯಂತ್ರ) ಎಲ್ಲರ ಕೈಗೂ ಸಿಗುತ್ತದೆ, ಮೇಷ್ಟ್ರು ಒಬ್ಬೊಬ್ಬರ ಪಕ್ಕ ನಿಂತು ತೋರಿಸಿಕೊಡುತ್ತಾರೆ. ಹಾಸ್ಟೆಲ್ ಊಟ ಪರವಾಗಿಲ್ಲ.

ಆದರೆ ಆ 14 ಅನ್ನುವುದೇ ನನಗೆ ಭಯ. ಖಾಲಿ ಸೀಟಿನ ನಷ್ಟವನ್ನು ಇರುವ ಮಕ್ಕಳೇ ತುಂಬಬೇಕು, ಅಲ್ವಾ? ಸೇರುವಾಗ ಫೋನಿನಲ್ಲಿ ಒಂದು ಫೀಸು ಹೇಳಿದರು. ಎರಡನೇ ವರ್ಷ ಕೌಂಟರಿನಲ್ಲಿ ಸ್ಕಿಲ್ ಟ್ರೈನಿಂಗ್ ಅಂತ 18,000 ಜಾಸ್ತಿ ಕೇಳಿದರು. ಬ್ಯಾಂಕಿನ ಸಾಲ ಮಂಜೂರಾಗಿದ್ದು ಹಳೇ ಫೀಸಿನ ಲೆಕ್ಕಕ್ಕೆ. ಆ ವರ್ಷ ಶುಂಠಿ ರೇಟು ಬಿದ್ದುಹೋಗಿತ್ತು, ಕೈಯಲ್ಲಿ ದುಡ್ಡಿರಲಿಲ್ಲ, ತಮ್ಮನ ಹತ್ತಿರ ತಂದು ಕಟ್ಟಿದೆ. ಅದೇ ವರ್ಷ ಇಬ್ಬರು ಒಳ್ಳೆ ಮೇಷ್ಟ್ರು ಬಿಟ್ಟು ಹೋದರು.

ಸೀಟು ಖಾಲಿ ಇರುವುದಕ್ಕೆ ಈ ಕಾಲೇಜನ್ನೇ ಬೈಯುವುದು ಸರಿಯಲ್ಲ. ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕು. 2024-25ರಿಂದ ಎಐಸಿಟಿಇ (ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡುವ ಕೇಂದ್ರದ ಸಂಸ್ಥೆ) ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿಯನ್ನು ಒಳ್ಳೆ ಕಾಲೇಜುಗಳಿಗೆ ತೆಗೆದುಹಾಕಿತು. ಬೆಂಗಳೂರಿನಲ್ಲಿ ಸೀಟು ಹೆಚ್ಚಿದರೆ ದುಡ್ಡಿದ್ದವರು ಅಲ್ಲಿಗೆ ಹೋಗುತ್ತಾರೆ. ಇಲ್ಲದವರು ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ನೋಡುತ್ತಾರೆ, ಅದು ಹಾಸನದಲ್ಲೇ ಇದೆ. ನಡುವೆ ಸಿಕ್ಕಿಕೊಂಡಿದ್ದು ಇಂಥ ಕಾಲೇಜುಗಳು.

ಇನ್ನು ಮಕ್ಕಳೇ ಕಡಿಮೆಯಾಗುವುದು ಮುಂದೆ ಬರುವ ಕಷ್ಟ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 2005-06ರಲ್ಲಿ 2.1 ಮಕ್ಕಳು, 2019-21ರಲ್ಲಿ 1.7. ನನ್ನ ಮಗಳು ಆ 2.1ರ ಕಾಲದವಳು. 1.7ರ ಕಾಲದ ಮಕ್ಕಳು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾರೆ, ಅವರು ಪಿಯುಸಿ ಮುಗಿಸುವ ಹೊತ್ತಿಗೆ ಈ ಬ್ರಾಂಚು ಇರುತ್ತದಾ ಅಂತ ನಾನು ಪ್ರಿನ್ಸಿಪಾಲರನ್ನೇ ಕೇಳಿದೆ. ಅವರೂ ಯೋಚನೆಯಲ್ಲಿದ್ದರು.

ಸೇರಿಸುವ ಮುಂಚೆ ಸುಮ್ನೆ ಬಿಲ್ಡಿಂಗ್ ನೋಡಿಕೊಂಡು ಬರಬೇಡಿ. ಮೂರನೇ ವರ್ಷದ ಕ್ಲಾಸಿಗೆ ಹೋಗಿ ಎಷ್ಟು ಮಕ್ಕಳಿದ್ದಾರೆ ಎಣಿಸಿ. ನಾಲ್ಕೂ ವರ್ಷದ ಫೀಸನ್ನು ಬರೆದು ಕೊಡಿ ಅನ್ನಿ, ಸಾಲಕ್ಕೂ ಅದೇ ಪತ್ರ ಕೊಡಿ. ನಾವು ತಡವಾಗಿ ಕೇಳಿದೆವು. ಮೂರನೇ ವರ್ಷದ್ದು ಸಹಿ ಹಾಕಿ ಕೊಟ್ಟಿದ್ದಾರೆ, ನಾಲ್ಕನೇ ವರ್ಷದ್ದು ಇನ್ನೂ ಬಂದಿಲ್ಲ.